ಸತತ ಕಪ್ಪು ಬಿದ್ದಾಗ ಕೆಂಪಿಗೆ ಕಟ್ಟಬೇಕೇ? ರೂಲೆಟ್ ಮೇಜಿನ ದಾರಿಗಳ ಹೋಲಿಕೆ

ರೂಲೆಟ್ ಚಕ್ರದ ಮೇಲೆ ಓಡುವ ಗೋಲಿ ಎಂಟು ಸಲ ಸತತವಾಗಿ ಕಪ್ಪು ಗುಳಿಯಲ್ಲೇ ಬಿದ್ದಿದೆ. ಮೇಜಿನ ಪಕ್ಕದ ಬೋರ್ಡಿನಲ್ಲಿ ಕಪ್ಪು ಸಂಖ್ಯೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ನಿಂತಿವೆ. ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದವರೂ ಈಗ ಜೇಬಿಗೆ ಕೈ ಹಾಕುತ್ತಾರೆ. ಹಣದ ಬದಲು ಕಟ್ಟುವ ಬಿಲ್ಲೆಗಳಾದ ಚಿಪ್‌ಗಳೆಲ್ಲ ಕೆಂಪು ಚೌಕದ ಕಡೆಗೇ ಹೋಗುತ್ತವೆ. ಯಾರನ್ನು ಕೇಳಿದರೂ ಒಂದೇ ಉತ್ತರ: ಇಷ್ಟು ಹೊತ್ತು ಕಪ್ಪು ಬಿತ್ತಲ್ಲ, ಇನ್ನು ಕೆಂಪು ಬೀಳಲೇಬೇಕು.

ಈ ಹೊತ್ತಿನಲ್ಲಿ ಮೇಜಿನ ಮುಂದೆ ನಿಂತವರಿಗೆ ಇರುವ ದಾರಿಗಳು ಹಲವು. ಒಂದೇ ಬಣ್ಣ ಸತತವಾಗಿ ಬಿದ್ದ ಸಾಲಿನ ವಿರುದ್ಧ ಕಟ್ಟಬಹುದು, ಸಾಲಿನ ಜೊತೆಗೇ ಹೋಗಬಹುದು, ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಂದೇ ಮೊತ್ತವನ್ನು ಕಟ್ಟುತ್ತ ಕೂರಬಹುದು, ತಂದದ್ದನ್ನೆಲ್ಲ ಒಂದೇ ಏಟಿಗೆ ಇಟ್ಟು ಎದ್ದು ಹೋಗಬಹುದು, ಕಟ್ಟದೆಯೂ ಇರಬಹುದು. ಇವನ್ನೆಲ್ಲ ನಾನು ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ. ನೀವು ಮೇಜಿನ ಮೇಲೆ ಇಟ್ಟ ಪ್ರತಿಯೊಂದು ಚಿಪ್ಪಿಗೂ ಕ್ಯಾಸಿನೊ ಒಂದು ಪಾಲು ವಸೂಲಿ ಮಾಡುತ್ತದೆ. ಆದ್ದರಿಂದ ಯಾವ ಪದ್ಧತಿಯನ್ನೇ ಆಗಲಿ, ಅದು ಒಟ್ಟು ಎಷ್ಟು ಚಿಪ್ಪನ್ನು ಮೇಜಿಗೆ ಎಳೆಸುತ್ತದೆ ಎಂದು ಕೇಳಬೇಕು. ಬಣ್ಣ ಯಾವುದು, ಹಿಂದೆ ಏನು ಬಿತ್ತು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಮೊದಲು ಚಕ್ರದ ಲೆಕ್ಕ. ಒಂದು ಸೊನ್ನೆಯ ಚಕ್ರದಲ್ಲಿ 37 ಗುಳಿಗಳಿವೆ: 18 ಕೆಂಪು, 18 ಕಪ್ಪು, ಹಸಿರು ಬಣ್ಣದ ಒಂದು ಸೊನ್ನೆ. ಕೆಂಪಿಗೆ ಕಟ್ಟಿದರೆ ಗೆಲ್ಲುವ ಸಾಧ್ಯತೆ 37ರಲ್ಲಿ 18, ಅಂದರೆ ಶೇ. 48.65. ಗೆದ್ದರೆ ಕಟ್ಟಿದಷ್ಟೇ ಸಿಗುತ್ತದೆ. ಆ ಒಂದು ಹಸಿರು ಗುಳಿಯೇ ಕ್ಯಾಸಿನೊದ ಗಳಿಕೆ, ಕಟ್ಟಿದ ಮೊತ್ತದಲ್ಲಿ ಸರಾಸರಿ ಶೇ. 2.70. ಎರಡು ಸೊನ್ನೆಯ ಚಕ್ರದಲ್ಲಿ 38 ಗುಳಿಗಳು, ಕ್ಯಾಸಿನೊದ ಪಾಲು ಶೇ. 5.26.

ಸಾಲು ಎಂದರೇನು?

ಗೋಲಿಗೆ ನೆನಪಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ತಲೆದೂಗಿಯೂ ಇರುತ್ತಾರೆ. ಆದರೂ ಬೋರ್ಡು ನೋಡಿದ ತಕ್ಷಣ ಆ ಮಾತು ಮರೆತುಹೋಗುತ್ತದೆ. ಮರೆಸುವುದು ಅರ್ಧ ಸತ್ಯವಾದ ಇನ್ನೊಂದು ಮಾತು: ‘ಕೊನೆಗೆ ಎಲ್ಲವೂ ಸಮವಾಗಲೇಬೇಕು’ ಎಂಬುದು.

ಸಮವಾಗುವುದು ನಿಜ, ಆದರೆ ಸಮವಾಗುವ ಬಗೆಯೇ ಬೇರೆ. ಮೊದಲ ಹತ್ತೂ ಸುತ್ತು ಕಪ್ಪು ಬಿತ್ತು ಎಂದುಕೊಳ್ಳಿ. ಮುಂದಿನ 1000 ಸುತ್ತುಗಳಲ್ಲಿ ಸುಮಾರು 486 ಕಪ್ಪು ಬೀಳುತ್ತವೆ ಎಂದು ನಿರೀಕ್ಷಿಸಬಹುದು. ಮೊದಲಿನ ಹತ್ತನ್ನು ಸರಿದೂಗಿಸಲು ಕೆಂಪು ಒಂದಾದರೂ ಹೆಚ್ಚು ಬೀಳುವುದಿಲ್ಲ. ಆದರೂ ಒಟ್ಟು 1010 ಸುತ್ತುಗಳಲ್ಲಿ ಕಪ್ಪಿನ ಪಾಲು ಶೇ. 49ರ ಹತ್ತಿರಕ್ಕೆ ಇಳಿದಿರುತ್ತದೆ. ಒಂದು ಲೋಟ ಬಣ್ಣದ ನೀರನ್ನು ಕೆರೆಗೆ ಸುರಿದ ಹಾಗೆ. ಬಣ್ಣವನ್ನು ಯಾರೂ ತೆಗೆಯಲಿಲ್ಲ, ಕೆರೆ ದೊಡ್ಡದಾದ್ದರಿಂದ ಅದು ಕಾಣದಾಯಿತು. ಗಣಿತಜ್ಞ ಯಾಕೋಬ್ ಬರ್ನೌಲಿಯ ಮಹಾಸಂಖ್ಯಾ ನಿಯಮ 1713ರಲ್ಲಿ ಪ್ರಕಟವಾದಾಗಿನಿಂದಲೂ ಅದು ಹೇಳುತ್ತ ಬಂದದ್ದು ಪ್ರಮಾಣದ ವಿಷಯ. ಸಾಲ ತೀರಿಸುವ ವಿಷಯ ಅದರಲ್ಲಿಲ್ಲ. ಅಷ್ಟೇ ಅಲ್ಲ, ಸುತ್ತುಗಳು ಹೆಚ್ಚಿದಂತೆ ಕೆಂಪು–ಕಪ್ಪುಗಳ ನಡುವಿನ ಅಂತರ ಎಣಿಕೆಯಲ್ಲಿ ಸಾಮಾನ್ಯವಾಗಿ ಬೆಳೆಯುತ್ತಲೇ ಹೋಗುತ್ತದೆ.

1913ರ ಆಗಸ್ಟ್ 18ರ ರಾತ್ರಿ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ಕಪ್ಪು ಸತತ 26 ಸಲ ಬಿತ್ತು. ಸಾಲು ಉದ್ದವಾದಂತೆಲ್ಲ ಜನ ಕೆಂಪಿನ ಮೇಲೆ ಇನ್ನಷ್ಟು ಸುರಿದು ಕಳೆದುಕೊಂಡರು. 26 ಕಪ್ಪು ಸಾಲಾಗಿ ಬೀಳುವ ಸಾಧ್ಯತೆ ಸುಮಾರು 13.7 ಕೋಟಿಯಲ್ಲಿ ಒಂದು. ಇದನ್ನು ಓದಿದವರು ಅಚ್ಚರಿಪಡುತ್ತಾರೆ, ಸರಿಯೇ. ಆದರೆ 25 ಕಪ್ಪು ಬಿದ್ದಾದ ಮೇಲೆ 26ನೆಯದೂ ಕಪ್ಪಾಗುವ ಸಾಧ್ಯತೆ ಎಂದಿನಂತೆ 37ರಲ್ಲಿ 18. ಅಪರೂಪವಾದದ್ದೆಲ್ಲ ಆಗಲೇ ಆಗಿಹೋಗಿತ್ತು. ಇನ್ನೂ ಒಂದು ಮಾತು. ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಒಂದೂ ತಪ್ಪದೆ 26 ಸುತ್ತು ಬದಲಾಗುತ್ತ ಹೋಗುವುದೂ ಅಷ್ಟೇ ಅಪರೂಪ, ಅದೂ 13.7 ಕೋಟಿಯಲ್ಲಿ ಒಂದೇ. ಹಾಗೆ ಬಿದ್ದರೆ ಜನ ಅಷ್ಟು ಬೇಗ ಗುಂಪುಗೂಡುವುದಿಲ್ಲ. ಒಂದೇ ಬಣ್ಣದ ಸಾಲು ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಉದ್ದದ ಸಾಲುಗಳು ನಾವು ಅಂದುಕೊಂಡಷ್ಟು ಅಪರೂಪವೂ ಅಲ್ಲ. ಒಂದು ಸೊನ್ನೆಯ ಚಕ್ರದಲ್ಲಿ 1000 ಸುತ್ತು ಆಡಿದರೆ, ಒಂದೇ ಬಣ್ಣ ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಸತತವಾಗಿ ಬೀಳುವುದು ಸರಾಸರಿ ಮೂರು ಬಾರಿ. ಹಗಲು ರಾತ್ರಿ ನಡೆಯುವ ಮೇಜಿಗೆ ಇದು ದಿನನಿತ್ಯದ ಸಂಗತಿ.

ಅನುಮಾನವಿದ್ದರೆ ಒಂದು ನಾಣ್ಯ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಸಂಜೆ ಕುಳಿತು ಐನೂರು ಸಲ ಚಿಮ್ಮಿ ಬರೆದುಕೊಳ್ಳಿ. ಆಮೇಲೆ ನಾಲ್ಕು ಸಲ ಸತತವಾಗಿ ಒಂದೇ ಮುಖ ಬಿದ್ದ ಜಾಗಗಳನ್ನಷ್ಟೇ ಹುಡುಕಿ, ಐದನೆಯದು ಏನು ಎಂದು ಗುರುತು ಹಾಕಿ. ತಿರುಗಿ ಬಿದ್ದದ್ದೂ ಮುಂದುವರಿದದ್ದೂ ಹೆಚ್ಚುಕಡಿಮೆ ಸರಿಸಮ ಇರುತ್ತವೆ. ಓದಿ ಒಪ್ಪಿಕೊಳ್ಳುವುದಕ್ಕಿಂತ ಕೈಯಾರೆ ಬರೆದು ನೋಡಿದಾಗ ಮನಸ್ಸಿಗೆ ನಾಟುತ್ತದೆ. ನನಗೆ ನಾಟಿದ್ದು ಹಾಗೆಯೇ.

ಸಾಲಿನ ವಿರುದ್ಧ, ಒಂದೇ ಮೊತ್ತ

ಐದು ಸಲ ಒಂದೇ ಬಣ್ಣ ಬೀಳುವ ತನಕ ಕಾಯುವುದು, ಆಮೇಲೆ ಎದುರು ಬಣ್ಣಕ್ಕೆ 10 ಚಿಪ್ ಕಟ್ಟುವುದು, ಸೋತರೂ ಗೆದ್ದರೂ ಮೊತ್ತವನ್ನು ಬದಲಿಸದಿರುವುದು. ಸಾಲಿನ ವಿರುದ್ಧ ಆಡುವ ದಾರಿಗಳಲ್ಲಿ ಅತಿ ಕಡಿಮೆ ಹಾನಿ ಮಾಡುವುದು ಇದೇ. ಆದರೆ ಅದರ ಕಾರಣ ಆಟಗಾರರು ಹೇಳುವ ಕಾರಣವಲ್ಲ.

ಗಂಟೆಗೆ 40 ಸುತ್ತು ನಡೆಯುವ ಮೇಜು ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿಗೂ 10 ಚಿಪ್ ಕಟ್ಟುವವನು ಗಂಟೆಗೆ 400 ಚಿಪ್ ಓಡಿಸುತ್ತಾನೆ, ಸರಾಸರಿ ಸುಮಾರು 11 ಚಿಪ್ ಕಳೆದುಕೊಳ್ಳುತ್ತಾನೆ. ಹಿಂದಿನ ಐದು ಸುತ್ತೂ ಒಂದೇ ಬಣ್ಣವಾಗಿರುವ ಸಂದರ್ಭ ಸುಮಾರು 18 ಸುತ್ತಿಗೆ ಒಮ್ಮೆ ಸಿಗುತ್ತದೆ. ಹಾಗಾಗಿ ಕಾಯುವವನು ಗಂಟೆಗೆ ಕಟ್ಟುವುದು ಎರಡೇ ಸಲ. ಅವನ ಸರಾಸರಿ ನಷ್ಟ ಅರ್ಧ ಚಿಪ್ ಮಾತ್ರ. ಅವನ ಹಣ ಉಳಿದದ್ದು ಅವನು ಕೈಕಟ್ಟಿ ಕುಳಿತದ್ದರಿಂದ. ಸಾಲು ನೋಡಿ ಕಟ್ಟಿದ ಆ ಎರಡು ಬಾಜಿಗಳೂ ಉಳಿದ ಯಾವುದೇ ಬಾಜಿಯಷ್ಟೇ ಕೆಟ್ಟವು. ಸಾಲಿನ ಬದಲು ಗಡಿಯಾರ ನೋಡಿ ಅರ್ಧ ಗಂಟೆಗೊಮ್ಮೆ ಕಟ್ಟಿದ್ದರೂ ಲೆಕ್ಕ ಒಂದೇ ಆಗುತ್ತಿತ್ತು.

ಒಂದು ಗಂಟೆ ಬೋರ್ಡನ್ನೇ ದಿಟ್ಟಿಸುತ್ತ ಕುಳಿತವನ ಪಕ್ಕಕ್ಕೆ ಈಗಷ್ಟೇ ಬಾಗಿಲು ದಾಟಿ ಬಂದವನೊಬ್ಬ ಬಂದು ನಿಲ್ಲುತ್ತಾನೆ. ಇಬ್ಬರೂ ಕೆಂಪಿಗೆ ಕಟ್ಟುತ್ತಾರೆ. ತಿರುಗುವುದು ಒಂದೇ ಚಕ್ರ, ಓಡುವುದು ಒಂದೇ ಗೋಲಿ. ಗಂಟೆಗಟ್ಟಲೆ ಕಾದದ್ದಕ್ಕೆ ಮೊದಲಿನವನಿಗೆ ಕೂದಲೆಳೆಯಷ್ಟು ಹೆಚ್ಚಿನ ಅವಕಾಶವೂ ಸಿಗುವುದಿಲ್ಲ. ಹಿಂದಿನ ಫಲಿತಾಂಶದಿಂದ ಏನಾದರೂ ಲಾಭವಿದ್ದಿದ್ದರೆ ಕ್ಯಾಸಿನೊಗಳು ಸ್ವಂತ ಖರ್ಚಿನಲ್ಲಿ ಅಷ್ಟು ದೊಡ್ಡ ಬೋರ್ಡು ಹಾಕಿ ಅದನ್ನು ಎಲ್ಲರಿಗೂ ತೋರಿಸುತ್ತಿದ್ದವೇ?

ಬೋರ್ಡು ಏನು ಮಾಡುತ್ತದೆ ಎಂಬುದನ್ನು ಅಳೆದವರಿದ್ದಾರೆ. ಸಂಶೋಧಕರಾದ ರೇಚಲ್ ಕ್ರೋಸನ್ ಮತ್ತು ಜೇಮ್ಸ್ ಸುಂಡಾಲಿ ಅಮೆರಿಕದ ನೆವಾಡಾದ ರೀನೊ ನಗರದ ಒಂದು ಕ್ಯಾಸಿನೊದ ರೂಲೆಟ್ ಮೇಜಿನ ವಿಡಿಯೊ ದಾಖಲೆಯನ್ನು ಕೂತು ಎಣಿಸಿ 2005ರಲ್ಲಿ ಪ್ರಕಟಿಸಿದರು. ಸಣ್ಣ ಸಾಲುಗಳಿಗೆ ಜನ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಸಾಲು ಐದನ್ನು ಮುಟ್ಟಿದ ಮೇಲೆ ಎದುರು ಬಣ್ಣದ ಕಡೆಗೆ ಸ್ಪಷ್ಟವಾಗಿ ವಾಲುತ್ತಾರೆ. ಇದು ಮೂರ್ಖರ ಗುಣವೇನಲ್ಲ. ಚಿಕ್ಕ ತುಣುಕಿನಲ್ಲೂ ಇಡೀ ಚಿತ್ರದ ಸಮತೋಲ ಕಾಣಬೇಕು ಎಂದು ನಮ್ಮ ಮನಸ್ಸು ಬಯಸುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1971ರಲ್ಲೇ ತೋರಿಸಿದ್ದರು. ಅವರು ಪರೀಕ್ಷಿಸಿದವರಲ್ಲಿ ಸಂಖ್ಯಾಶಾಸ್ತ್ರ ಬಲ್ಲ ಸಂಶೋಧಕರೇ ಇದ್ದರು.

ಸಾಲಿನ ವಿರುದ್ಧ, ದುಪ್ಪಟ್ಟು ಮಾಡುತ್ತ

ಮಾರ್ಟಿಂಗೇಲ್ ಎಂದು ಕರೆಯುವುದು ಇದನ್ನು. 10 ಕಟ್ಟು, ಸೋತರೆ 20, ಮತ್ತೆ ಸೋತರೆ 40. ಎಂದಾದರೂ ಗೆದ್ದೇ ಗೆಲ್ಲುತ್ತೀಯ, ಗೆದ್ದಾಗ ಹಳೆಯ ನಷ್ಟವೆಲ್ಲ ತೀರಿ 10 ಚಿಪ್ ಉಳಿಯುತ್ತದೆ. ಕಿವಿಗೆ ಹಿತವಾಗಿರುವ ಈ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಸಾಲಿನ ವಿರುದ್ಧ ಆಡುವವರಲ್ಲಿ ಹೆಚ್ಚಿನವರು ಕೊನೆಗೆ ಬಂದು ಸೇರುವುದು ಇಲ್ಲಿಗೇ.

ಕನಿಷ್ಠ 10, ಗರಿಷ್ಠ 1000 ಎಂಬ ಮಿತಿಯ ಮೇಜನ್ನು ತೆಗೆದುಕೊಳ್ಳಿ. 10, 20, 40, 80, 160, 320, 640. ಏಳು ಬಾಜಿಗಳಾದವು. ಎಂಟನೆಯದಕ್ಕೆ 1280 ಬೇಕು, ಮೇಜು ಬಿಡುವುದಿಲ್ಲ. ಏಳೂ ಸೋತರೆ ಹೋಗುವುದು 1270. ಸತತ ಏಳು ಸೋಲಿನ ಸಾಧ್ಯತೆ, ಸೊನ್ನೆಯನ್ನೂ ಸೇರಿಸಿ, ಸುಮಾರು 106ರಲ್ಲಿ ಒಂದು. ಅಂದರೆ 106 ಸಲ ಈ ಆಟವನ್ನು ಆರಂಭಿಸಿದರೆ 105 ಸಲ ತಲಾ 10 ಗೆದ್ದು 1050 ಬರುತ್ತದೆ, ಒಂದು ಸಲ 1270 ಹೋಗುತ್ತದೆ. ನಿವ್ವಳ ನಷ್ಟ 220. ಬೆಟ್ಟ ಅಗೆದು ಇಲಿ ಹಿಡಿಯುವುದು ಎನ್ನುತ್ತೇವಲ್ಲ, ಇಲ್ಲಿ ಬೆಟ್ಟವೂ ನಮ್ಮದೇ, ಅದು ಕುಸಿಯುವುದೂ ನಮ್ಮ ಮೇಲೆಯೇ.

ಮಿತಿ ಹೆಚ್ಚಿದ್ದು ಹತ್ತು ಬಾಜಿಗಳವರೆಗೆ ಹೋಗಲು ಬಿಟ್ಟರೆ? ಸತತ ಹತ್ತು ಸೋಲು ಸುಮಾರು 784ರಲ್ಲಿ ಒಂದು. ಆದರೆ ಆಗ ಹೋಗುವುದು 10,230. 783 ಗೆಲುವಿನ 7830 ಅದನ್ನು ತುಂಬುವುದಿಲ್ಲ. ಮಿತಿ ಏರಿದಷ್ಟೂ ಕುಸಿತ ಅಪರೂಪವಾಗುತ್ತದೆ, ಬಂದಾಗ ಮಾತ್ರ ಅಷ್ಟೇ ದೊಡ್ಡದಾಗಿ ಬರುತ್ತದೆ. ಹೀಗೆ ಒಮ್ಮೆ ಆರಂಭಿಸಿದ ಆಟಕ್ಕೆ ಸರಾಸರಿ ನಷ್ಟ 2 ಚಿಪ್ಪಿನಿಂದ 3 ಚಿಪ್ಪಿಗೆ ಏರುತ್ತದೆ.

ಇದನ್ನೇ ಒಂದೇ ಮೊತ್ತದ ಆಟದ ಪಕ್ಕದಲ್ಲಿಟ್ಟು ನೋಡಿ. ಗಂಟೆಗೆ 40 ಸುತ್ತು, ಬಿಡದೆ ದುಪ್ಪಟ್ಟು ಪದ್ಧತಿ ಎಂದರೆ ಸುಮಾರು 1500 ಚಿಪ್ ಮೇಜಿನ ಮೇಲೆ ಓಡಾಡುತ್ತದೆ, ಸರಾಸರಿ ನಷ್ಟ 40. ಸದಾ 10 ಕಟ್ಟುವವನ ನಷ್ಟ 11 ಎಂದು ಆಗಲೇ ನೋಡಿದೆವು. ಇಬ್ಬರೂ ‘10 ಚಿಪ್ಪಿನ ಆಟಗಾರರು’ ಎಂದೇ ಹೇಳಿಕೊಳ್ಳುತ್ತಾರೆ, ಆದರೆ ಒಬ್ಬನು ತೆರುವುದು ಇನ್ನೊಬ್ಬನ ನಾಲ್ಕು ಪಟ್ಟು. ಇದೇ ರೀತಿಯಲ್ಲಿ 200 ಸುತ್ತು ಆಡಿದರೆ ಸತತ ಏಳು ಸೋಲು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು.

ಕಾಯುವುದನ್ನೂ ದುಪ್ಪಟ್ಟನ್ನೂ ಸೇರಿಸಿದಾಗ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಗೆಳೆಯನೊಬ್ಬ ಹಾಗೆ ಆಡುತ್ತಿದ್ದ. ಅಂಗೈಯಗಲದ ನೋಟ್‌ಬುಕ್, ಅದರಲ್ಲಿ ಪೆನ್ಸಿಲಿನಿಂದ ‘ಕೆಂ’, ‘ಕ’ ಎಂದು ಕಂಬಸಾಲಿನಲ್ಲಿ ಬರೆಯುತ್ತಿದ್ದ. ಐದು ಒಂದೇ ಆದ ಕೂಡಲೇ ಅಡಿಗೆರೆ ಎಳೆದು ಎದುರು ಬಣ್ಣಕ್ಕೆ ಶುರು ಮಾಡುತ್ತಿದ್ದ. ಎಷ್ಟೋ ಭೇಟಿಗಳಲ್ಲಿ ಅವನು ಸೋತದ್ದೇ ಇಲ್ಲ. ‘ನೋಡು, ನಾನು ಏಳು ಸಲ ಸೋಲಬೇಕಾದರೆ ಒಟ್ಟು ಹನ್ನೆರಡು ಸಲ ಒಂದೇ ಬಣ್ಣ ಬೀಳಬೇಕು. ಯಾವಾಗಲಾದರೂ ಹನ್ನೆರಡು ಕಂಡಿದ್ದೀಯಾ?’ ಎಂದು ಕೇಳುತ್ತಿದ್ದ. ನನಗೆ ಆಗ ಉತ್ತರ ಹೊಳೆಯುತ್ತಿರಲಿಲ್ಲ.

ಆ ರಾತ್ರಿ ಐದು ಕಪ್ಪಾದ ಮೇಲೆ ಅವನು ಕೆಂಪಿಗೆ 10 ಇಟ್ಟ. ಮತ್ತೆ ಕಪ್ಪು. 20, ಕಪ್ಪು. 40, 80. 160 ಇಡುವಾಗ ಚಿಪ್‌ಗಳನ್ನು ಎರಡು ಸಲ ಎಣಿಸಿದ. 320ಕ್ಕೆ ಪೆನ್ಸಿಲ್ ಕೆಳಗಿಟ್ಟ. ಬರೆಯುವುದನ್ನು ನಿಲ್ಲಿಸಿದ್ದ. 640 ಇಟ್ಟಾಗ ಗೋಲಿ ಅಂಚಿನ ಮೇಲೆ ಓಡುವ ಸದ್ದು ಮಾತ್ರ ಕೇಳುತ್ತಿತ್ತು. ಅದು ಇಳಿದು, ಒಂದೆರಡು ಸಲ ಪುಟಿದು, ಹಸಿರು ಸೊನ್ನೆಯಲ್ಲಿ ಕುಳಿತಿತು. ಕಪ್ಪಿನ ಸಾಲೇನೋ ಮುರಿಯಿತು. ಅವನ ಕೆಂಪು ಬಾಜಿಯೂ ಹೋಯಿತು. ಹನ್ನೆರಡು ಕಪ್ಪು ಬೀಳಬೇಕಾಗಿಯೇ ಇರಲಿಲ್ಲ. ಅವನು 1280 ಎತ್ತಿ ಇಡಲು ಹೋದ, ಡೀಲರ್ ಮಿತಿಯ ಫಲಕ ತೋರಿಸಿದರು. ಅವನನ್ನು ಕರೆದುಕೊಂಡು ಹೊರಗೆ ಬಂದೆ. ಮುಂದಿನ ಸುತ್ತಿನಲ್ಲಿ ಏನು ಬಿತ್ತೆಂದು ನಾವು ನೋಡಲಿಲ್ಲ. ನೋಡಿದ್ದರೂ ಅದರಿಂದ ತಿಳಿಯುವಂಥದ್ದೇನೂ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಈಗ ಗೊತ್ತಿದೆ. ಹನ್ನೆರಡು ಅಪರೂಪ, ಒಪ್ಪೋಣ. ಆದರೆ ಅವನು ಬಾಜಿ ಕಟ್ಟಲು ತೊಡಗಿದ್ದು ಐದು ಆದ ಮೇಲೆ. ಆ ಐದರ ಅಪರೂಪವೆಲ್ಲ ಅಷ್ಟರಲ್ಲಿ ಖರ್ಚಾಗಿತ್ತು. ಉಳಿದದ್ದು ಏಳು ಸೋಲಿನ ಸಾಧ್ಯತೆ, ಅದು ಕಾದರೂ 106ರಲ್ಲಿ ಒಂದು, ಕಾಯದಿದ್ದರೂ 106ರಲ್ಲಿ ಒಂದು. ಕಾಯುವುದರಿಂದ ಆಗುವುದು ಇಷ್ಟೆ: ಗಂಟೆಗೆ ಇಪ್ಪತ್ತರ ಬದಲು ಸುಮಾರು ಒಂದೇ ಸಲ ಆಟ ಶುರುವಾಗುತ್ತದೆ. ಆದ್ದರಿಂದ ಕುಸಿತ ಬರಲು ಸರಾಸರಿ ನೂರು ಗಂಟೆ ಹಿಡಿಯುತ್ತದೆ. ಅಪಾಯ ಇರುವುದೇ ಅಲ್ಲಿ. ತಿಂಗಳುಗಟ್ಟಲೆ ಸಣ್ಣ ಸಣ್ಣ ಗೆಲುವುಗಳು ಸಿಗುತ್ತವೆ, ‘ಪದ್ಧತಿ ಕೆಲಸ ಮಾಡುತ್ತಿದೆ’ ಎಂಬ ನಂಬಿಕೆ ಗಟ್ಟಿಯಾಗುತ್ತದೆ, ಆ ನಂಬಿಕೆಯಲ್ಲಿ ಮೊದಲ ಬಾಜಿ 10ರಿಂದ 20ಕ್ಕೆ, 50ಕ್ಕೆ ಏರುತ್ತದೆ. ನೂರು ಗಂಟೆಯ ಬಾಕಿ ವಸೂಲಾಗುವುದು ಆ ಏರಿದ ದರದಲ್ಲಿ. ಹೋಲಿಕೆಗೆ ತೆಗೆದುಕೊಂಡ ಎಲ್ಲ ದಾರಿಗಳಲ್ಲಿ ನಾನು ಯಾರಿಗೂ ಆಡಿ ಎಂದು ಹೇಳದಿರುವುದು ಇದೊಂದನ್ನೇ. ಇದು ಗಂಟೆಯ ಸರಾಸರಿಯಲ್ಲಿ ಅಗ್ಗವಾಗಿ ಕಾಣುತ್ತದೆ ಎಂಬ ಕಾರಣಕ್ಕೇ ಹೇಳುವುದಿಲ್ಲ.

ಮೆಲ್ಲಗೆ ಏರುವ ಪದ್ಧತಿಗಳು

ದುಪ್ಪಟ್ಟಿಗೆ ಹೆದರಿದವರು ಡಾಲಂಬೇರ್ ಪದ್ಧತಿಗೆ ಬರುತ್ತಾರೆ: ಸೋತರೆ ಒಂದು ಮೆಟ್ಟಿಲು ಮೇಲೆ, ಗೆದ್ದರೆ ಒಂದು ಮೆಟ್ಟಿಲು ಕೆಳಗೆ. 10ರಿಂದ ಶುರು ಮಾಡಿ ಏಳು ಸಲ ಸೋತರೆ ಹೋಗುವುದು 280. ಮಾರ್ಟಿಂಗೇಲಿನ 1270ರ ಮುಂದೆ ಇದು ಎಷ್ಟೋ ವಾಸಿ. ಗೆಲುವು ಸೋಲು ಸಮಸಮವಾದರೆ ಲಾಭ ಸಿಗುವುದೂ ಹೌದು. ಆದರೆ ಸೊನ್ನೆ ಇರುವ ತನಕ ಸೋಲುಗಳೇ ತುಸು ಹೆಚ್ಚು, ಹಾಗಾಗಿ ಹೊತ್ತು ಕಳೆದಂತೆ ಬಾಜಿಯ ಮಟ್ಟ ನಿಧಾನವಾಗಿ ಮೇಲಕ್ಕೇ ಸರಿಯುತ್ತದೆ. ಈ ಪದ್ಧತಿಗೆ ಹೆಸರು ಬಂದದ್ದು 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಝಾನ್ ಲ ರಾನ್ ಡಾಲಂಬೇರ್‌ನಿಂದ. ಸತತವಾಗಿ ಒಂದೇ ಮುಖ ಬಿದ್ದ ನಾಣ್ಯ ಮುಂದೆ ಇನ್ನೊಂದು ಮುಖಕ್ಕೆ ತಿರುಗುವ ಸಾಧ್ಯತೆ ಹೆಚ್ಚು ಎಂದು ಅಷ್ಟು ದೊಡ್ಡ ಗಣಿತಜ್ಞನೇ ನಂಬಿದ್ದ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಂದು ಸಲವಾದರೂ ರಾಜಮುಖ ಬೀಳುವ ಸಾಧ್ಯತೆ ನಾಲ್ಕರಲ್ಲಿ ಮೂರು ಎಂಬಲ್ಲಿ, ಮೂರರಲ್ಲಿ ಎರಡು ಎಂದು 1754ರಲ್ಲಿ ವಿಶ್ವಕೋಶದ ಲೇಖನದಲ್ಲಿ ವಾದಿಸಿದ್ದ. ಅವನೇ ಎಡವಿದ ಜಾಗದಲ್ಲಿ ನಾವು ಎಡವಿದರೆ ನಾಚಬೇಕಾದ್ದಿಲ್ಲ, ಎದ್ದರೆ ಸಾಕು.

ಫಿಬೊನಾಚಿ ಕ್ರಮದಲ್ಲಿ 1, 1, 2, 3, 5, 8, 13 ಎಂದು, ಒಂದರ ಬೆಲೆ 10 ಚಿಪ್ ಎಂದಿಟ್ಟು, ಏರಿದರೆ ಏಳು ಸೋಲಿಗೆ 330 ಚಿಪ್. ಎಂಟನೆಯದಕ್ಕೆ 210 ಇಟ್ಟು ಗೆದ್ದರೂ ಇನ್ನೂ 120 ಬಾಕಿ. ಲಾಬುಶೇರ್‌ನಲ್ಲಿ ಕಾಗದದ ಮೇಲೆ ಅಂಕಿಗಳ ಸಾಲು ಬರೆದುಕೊಂಡು ಎರಡು ತುದಿಗಳನ್ನು ಕೂಡಿಸಿ ಕಟ್ಟುತ್ತಾರೆ, ಗೆದ್ದರೆ ಅಳಿಸುತ್ತಾರೆ, ಸೋತರೆ ಸೇರಿಸುತ್ತಾರೆ. ಬರೆಯುವ ಕೆಲಸ ಹೆಚ್ಚು, ಲೆಕ್ಕದಲ್ಲಿ ಬೇರೆ ಏನೂ ಇಲ್ಲ.

ಸಾಲಿನ ಜೊತೆಗೆ ಹೋದರೆ?

ಗೆದ್ದಾಗ ಏರಿಸುವ ಪರೋಲಿ ಎಂಬ ಪದ್ಧತಿ ಮಾರ್ಟಿಂಗೇಲಿನ ಕನ್ನಡಿ ಪ್ರತಿಬಿಂಬ. 10 ಕಟ್ಟಿ ಗೆದ್ದರೆ ಬಂದದ್ದನ್ನೂ ಸೇರಿಸಿ 20, ಮತ್ತೆ ಗೆದ್ದರೆ 40, ಮೂರನೆಯದನ್ನೂ ಗೆದ್ದರೆ ಕೈಗೆ 70 ಲಾಭ, ಅಲ್ಲಿಗೆ ನಿಲ್ಲಿಸಿ ಮತ್ತೆ 10ರಿಂದ ಶುರು. ಮೂರೂ ಗೆಲ್ಲುವುದು ಸುಮಾರು ಒಂಬತ್ತರಲ್ಲಿ ಒಂದು ಸಲ. ಉಳಿದೆಲ್ಲ ಸಲ ಕೈಯಿಂದ ಹೋಗುವುದು ಮೊದಲಿನ 10 ಮಾತ್ರ.

ಕೆಂಪು ‘ಬಿಸಿಯಾಗಿದೆ’ ಎಂಬ ನಂಬಿಕೆ ‘ಕೆಂಪು ಬರಬೇಕಾಗಿದೆ’ ಎಂಬ ನಂಬಿಕೆಯಷ್ಟೇ ಆಧಾರವಿಲ್ಲದ್ದು. ಸಾಧ್ಯತೆಯಲ್ಲಿ ಎರಡೂ ಸಮ. ಆದರೆ ಹಣದ ಚಲನೆಯಲ್ಲಿ ಒಂದು ವ್ಯತ್ಯಾಸವಿದೆ, ನನಗೆ ಅದು ದೊಡ್ಡದಾಗಿ ಕಾಣುತ್ತದೆ. ಸಾಲಿನ ವಿರುದ್ಧ ದುಪ್ಪಟ್ಟು ಮಾಡುವವನ ಬಾಜಿ ದೊಡ್ಡದಾಗುವುದು ಅವನು ಸೋತು ಗಾಬರಿಯಾಗಿರುವಾಗ, ಸ್ವಂತ ಜೇಬಿನ ಹಣದಿಂದ. ಸಾಲಿನ ಜೊತೆ ಹೋಗುವವನ ಬಾಜಿ ದೊಡ್ಡದಾಗುವುದು ಗೆದ್ದ ಹಣದಿಂದ. ಒಂದು ಕೆಟ್ಟ ಸರಣಿ ಮೊದಲಿನವನನ್ನು ಮುಗಿಸಬಲ್ಲದು, ಎರಡನೆಯವನನ್ನು ಸವೆಸುತ್ತದೆ ಅಷ್ಟೇ. ಏರಿಸಿ ಇಳಿಸಿ ಆಡದಿದ್ದರೆ ಆಟವೇ ಅನಿಸದು ಎನ್ನುವವರಿಗೆ ಇದೇ ವಾಸಿ.

ಸಾಲನ್ನು ನೋಡದೆ ಆಡುವುದು, ಅಥವಾ ಒಂದೇ ಏಟು

ಇಲ್ಲಿ ನಿಮ್ಮ ಉದ್ದೇಶ ಏನೆಂಬುದರ ಮೇಲೆ ಉತ್ತರ ಪೂರ್ತಿ ತಿರುಗುಮುರುಗಾಗುತ್ತದೆ. 200 ಚಿಪ್ ತಂದಿದ್ದೀರಿ. ಅದನ್ನು 400 ಮಾಡಿಕೊಂಡು ಹೋಗಬೇಕು, ಇಲ್ಲವೇ ಎಲ್ಲ ಹೋಗಲಿ ಎಂದುಕೊಂಡಿದ್ದೀರಿ. ಒಂದೇ ಸಲಕ್ಕೆ 200 ಇಟ್ಟರೆ ಗುರಿ ಮುಟ್ಟುವ ಸಾಧ್ಯತೆ ಶೇ. 48.65. ಹತ್ತತ್ತು ಚಿಪ್ಪಿನಂತೆ ಕಟ್ಟುತ್ತ ಹೋದರೆ ಅದು ಶೇ. 25ಕ್ಕೆ ಇಳಿಯುತ್ತದೆ. ಎರಡೆರಡರಂತೆ ಕಟ್ಟಿದರೆ ಶೇ. ಅರ್ಧಕ್ಕಿಂತಲೂ ಕಡಿಮೆ, ಸಾವಿರದಲ್ಲಿ ನಾಲ್ಕೈದು. ಎಚ್ಚರಿಕೆಯಿಂದ ಸಣ್ಣದಾಗಿ ಆಡುವುದೇ ಜಾಣತನ ಎಂದು ನಂಬಿದವರಿಗೆ ಈ ಅಂಕಿಗಳು ಆಘಾತ ಕೊಡುತ್ತವೆ. ಕಾರಣ ಆ ಹಳೆಯ ಅಳತೆಗೋಲೇ. ಎರಡೆರಡು ಚಿಪ್ಪಿನಿಂದ 400 ಮುಟ್ಟಬೇಕಾದರೆ ಸಾವಿರಾರು ಚಿಪ್ ಮೇಜಿನ ಮೇಲೆ ಹೋಗಿ ಬರಬೇಕು, ಪ್ರತಿ ಸಲವೂ ಸೊನ್ನೆ ತನ್ನ ಪಾಲನ್ನು ಕೆತ್ತಿಕೊಳ್ಳುತ್ತದೆ. ಇಂಥ ಪ್ರತಿಕೂಲ ಆಟದಲ್ಲಿ ಒಂದು ಗುರಿ ಮುಟ್ಟಬೇಕಾದರೆ ಧೈರ್ಯದ ದೊಡ್ಡ ಬಾಜಿಗಿಂತ ಉತ್ತಮ ದಾರಿ ಇಲ್ಲ ಎಂದು ಡೂಬಿನ್ಸ್ ಮತ್ತು ಸ್ಯಾವೇಜ್ ಎಂಬ ಗಣಿತಜ್ಞರು 1965ರಲ್ಲಿ ತೋರಿಸಿಕೊಟ್ಟರು.

ಗುರಿ ಹಣವಲ್ಲ, ಸಂಜೆ ಕಳೆಯುವುದು ಎಂದಾದರೆ ಎರಡೆರಡು ಚಿಪ್ಪಿನ ಆಟವೇ ಸರಿ. ಅದು ಕಡಿಮೆ ಖರ್ಚಿನಲ್ಲಿ ಹೆಚ್ಚು ಹೊತ್ತು ಕೂರಿಸುತ್ತದೆ. ಕಳೆದುಹೋದದ್ದನ್ನು ಟಿಕೆಟ್ಟಿನ ದುಡ್ಡು ಎಂದುಕೊಳ್ಳಬೇಕು. ಮೊಬೈಲಿನಲ್ಲಿ ಆಡುವವರಿಗೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಗೋಲಿ ನಿಲ್ಲುವುದನ್ನು ಕಾಯಬೇಕಿಲ್ಲ, ಸೆಕೆಂಡುಗಳಲ್ಲಿ ಮುಂದಿನ ಸುತ್ತು. ಬಾಜಿ ಸಣ್ಣದಾದರೂ ಗಂಟೆಯ ಒಟ್ಟು ಮೊತ್ತ ಮೇಜಿನ ಆಟವನ್ನು ಎಲ್ಲೋ ದಾಟಿಬಿಡುತ್ತದೆ.

ಚಕ್ರವೇ ಓರೆಯಾಗಿದ್ದರೆ?

‘ಇಷ್ಟು ಸಲ ಒಂದೇ ಬಿದ್ದರೆ ಚಕ್ರದಲ್ಲೇ ಏನೋ ಇರಬಹುದು’ ಎನ್ನುವವರ ಅನುಮಾನಕ್ಕೆ ನನಗೆ ಹೆಚ್ಚು ಗೌರವವಿದೆ. ಓರೆಯಾದ ಚಕ್ರಗಳು ಇದ್ದವು. 19ನೇ ಶತಮಾನದ ಕೊನೆಯ ಭಾಗದಲ್ಲಿ ಯಾರ್ಕ್‌ಷೈರಿನ ಬಟ್ಟೆ ಗಿರಣಿಯ ಉದ್ಯಮದಿಂದ ಬಂದ ಜೋಸೆಫ್ ಜಾಗರ್ ಮಾಂಟೆ ಕಾರ್ಲೊದ ಒಂದು ಚಕ್ರ ಕೆಲವು ಸಂಖ್ಯೆಗಳ ಕಡೆಗೆ ವಾಲುತ್ತದೆ ಎಂದು ಬರೆದಿಟ್ಟುಕೊಂಡೇ ಗೆದ್ದ. ಸ್ಪೇನಿನ ಗೊಂಜಾಲೊ ಗಾರ್ಸಿಯಾ-ಪೆಲಾಯೊ 1990ರ ದಶಕದಲ್ಲಿ ಸಾವಿರಾರು ಫಲಿತಾಂಶಗಳನ್ನು ದಾಖಲಿಸಿ ಮ್ಯಾಡ್ರಿಡ್‌ನಲ್ಲಿ ಗೆದ್ದ. ಇವರು ಮಾಡಿದ್ದೇನು ಎಂದು ಗಮನಿಸಿ. ಹೆಚ್ಚು ಬೀಳುತ್ತಿದ್ದ ಸಂಖ್ಯೆಗಳಿಗೇ ಕಟ್ಟಿದರು, ಅವುಗಳ ವಿರುದ್ಧ ಅಲ್ಲ. ಚಕ್ರ ನೇರವಾಗಿದ್ದರೆ ಸಾಲಿಗೆ ಅರ್ಥವಿಲ್ಲ, ಓರೆಯಾಗಿದ್ದರೆ ಸಾಲು ತೋರಿಸುವುದು ಅದೇ ದಿಕ್ಕನ್ನು. ಎದುರು ಬಣ್ಣಕ್ಕೆ ಕಟ್ಟಲು ಎರಡೂ ಕಡೆ ಕಾರಣವಿಲ್ಲ.

ಹಾಗೆಂದು ಎಂಟು ಕಪ್ಪು ನೋಡಿ ಚಕ್ರ ಓರೆ ಎಂದುಕೊಳ್ಳುವುದೂ ತಪ್ಪು. ಚಕ್ರದ ಮೇಲೆ ಕೆಂಪು ಕಪ್ಪು ಗುಳಿಗಳು ಒಂದು ಬಿಟ್ಟು ಒಂದು ಇರುತ್ತವೆ. ಚಕ್ರ ಒಂದು ಬದಿಗೆ ವಾಲಿದ್ದರೆ ಅಲ್ಲಿನ ಅಕ್ಕಪಕ್ಕದ ಗುಳಿಗಳಿಗೆಲ್ಲ ಲಾಭ, ಅವುಗಳಲ್ಲಿ ಎರಡೂ ಬಣ್ಣಗಳಿರುತ್ತವೆ. ಓರೆ ಕಾಣುವುದು ಸಂಖ್ಯೆಗಳಲ್ಲಿ, ಅದೂ ಸಾವಿರಾರು ಸುತ್ತುಗಳ ನಂತರ. 1961ರಲ್ಲಿ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಮೈಮೇಲೆ ಧರಿಸುವ ಪುಟ್ಟ ಕಂಪ್ಯೂಟರನ್ನು ಲಾಸ್ ವೇಗಸ್‌ನಲ್ಲಿ ಪರೀಕ್ಷಿಸಿದಾಗಲೂ ಅವರು ಹಿಂದಿನ ಫಲಿತಾಂಶಗಳನ್ನು ನೋಡಲಿಲ್ಲ. ಆಗ ಓಡುತ್ತಿದ್ದ ಗೋಲಿಯ ವೇಗವನ್ನು ಅಳೆದರು.

ಪದ್ಧತಿಗಿಂತ ಮೊದಲು ಮೇಜನ್ನು ಆರಿಸಿ

ಇಷ್ಟೆಲ್ಲ ಪದ್ಧತಿಗಳ ನಡುವೆ ಜನ ಕಡೆಗಣಿಸುವುದು ಎಲ್ಲಕ್ಕಿಂತ ಸುಲಭದ ಆಯ್ಕೆಯನ್ನು. 100 ಚಿಪ್ ಕೆಂಪಿನ ಮೇಲೆ ಓಡಾಡಿದರೆ ಮೂರು ಸೊನ್ನೆಯ ಚಕ್ರ ಸರಾಸರಿ 7.69 ಇಟ್ಟುಕೊಳ್ಳುತ್ತದೆ, ಎರಡು ಸೊನ್ನೆಯದು 5.26, ಒಂದು ಸೊನ್ನೆಯದು 2.70. ಫ್ರೆಂಚ್ ಮೇಜುಗಳಲ್ಲಿ ‘ಲಾ ಪಾರ್ತಾಜ್’ ಎಂಬ ನಿಯಮವಿದ್ದರೆ, ಸೊನ್ನೆ ಬಿದ್ದಾಗ ಕೆಂಪು–ಕಪ್ಪು, ಸರಿ–ಬೆಸ ಬಾಜಿಗಳ ಅರ್ಧ ಹಣ ವಾಪಸು ಬರುತ್ತದೆ, ಪಾಲು 1.35ಕ್ಕೆ ಇಳಿಯುತ್ತದೆ. 1843ರಲ್ಲಿ ಕ್ಯಾಸಿನೊ ನಡೆಸುತ್ತಿದ್ದ ಬ್ಲಾಂಕ್ ಸಹೋದರರು ಜರ್ಮನಿಯ ಹೋಂಬುರ್ಗ್‌ನಲ್ಲಿ ಒಂದು ಸೊನ್ನೆಯ ಚಕ್ರವನ್ನು ತಂದದ್ದೇ ಬೇರೆ ಕ್ಯಾಸಿನೊಗಳ ಗಿರಾಕಿಗಳನ್ನು ಸೆಳೆಯಲು. ಆಗಿನ ಆಟಗಾರರಿಗೆ ಆ ವ್ಯತ್ಯಾಸ ಗೊತ್ತಾಗುತ್ತಿತ್ತು. ಎರಡು ಸೊನ್ನೆಯ ಮೇಜಿನಲ್ಲಿ 0, 00, 1, 2, 3 ಈ ಐದಕ್ಕೆ ಒಟ್ಟಾಗಿ ಕಟ್ಟುವ ಬಾಜಿಯನ್ನಂತೂ ಮುಟ್ಟಲೇಬೇಡಿ, ಅದರ ಪಾಲು 7.89.

ಇನ್ನು, ಇದನ್ನೆಲ್ಲ ಓದಿಯೂ ಸಾಲಿನ ವಿರುದ್ಧ ಕಟ್ಟುವ ಆಸೆ ಬಿಡುವುದಿಲ್ಲ ಎನ್ನುವವರಿಗೆ. ನಿಮ್ಮ ಜೊತೆ ಜಗಳವಿಲ್ಲ, ಆ ಆಸೆ ನನಗೂ ಹುಟ್ಟುತ್ತದೆ. ಲಾ ಪಾರ್ತಾಜ್ ಇರುವ ಒಂದು ಸೊನ್ನೆಯ ಮೇಜು ಹುಡುಕಿ. ಐದರ ಬದಲು ಆರು ಆಗುವ ತನಕ ಕಾಯಿರಿ, ಅಷ್ಟು ಹೊತ್ತು ಹಣ ಜೇಬಿನಲ್ಲೇ ಇರುತ್ತದೆ. ಕಟ್ಟುವ ಮೊತ್ತವನ್ನು ಒಳಗೆ ಹೋಗುವ ಮೊದಲೇ ತೀರ್ಮಾನಿಸಿ, ಅಷ್ಟನ್ನೇ ಚಿಪ್ ಮಾಡಿಸಿ, ಕಾರ್ಡು ಮತ್ತು ಉಳಿದ ಹಣವನ್ನು ಜೊತೆಯಲ್ಲಿ ಬಂದವರ ಕೈಗೆ ಕೊಡಿ. ಸಾಲು ಆರು ಆದಾಗ ಒಂದು ಚಿಪ್, ಏಳು ಆದಾಗಲೂ ಒಂದು ಚಿಪ್, ಹದಿನೈದು ಆದಾಗಲೂ ಅದೇ ಒಂದು ಚಿಪ್. ‘ಇದೊಂದು ಸಲ ಎರಡು’ ಎಂದು ಕೈ ಮುಂದೆ ಹೋದ ಕ್ಷಣ ಆ ಮೇಜಿನಿಂದ ಎದ್ದುಬಿಡಿ.